ಮುಂದೆ ಹೋಗದ ಎಲೆ

ಆ ಸೋಮವಾರ ಸೊರಬದಲ್ಲಿ ನಾನು ಹತ್ತಿದ ಬಸ್ಸು ಶಿರಾಳಕೊಪ್ಪ ಮುಟ್ಟುವುದರೊಳಗೆ ಹೆಡ್‌ಮಾಸ್ತರರ ಫೋನು ಮತ್ತೆ ಮತ್ತೆ ಬಂತು. ಬೇಗ ಬನ್ನಿ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಬೇಗ ಓಡಿಸಲು ಬಸ್ಸೇನು ನಮ್ಮಪ್ಪನದೇ? ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮಾತ್ರ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು, ಏಕೆಂದರೆ ಕರೆಯುತ್ತಿರುವುದು ಯಾಕೆಂದು ನನಗೆ ಗೊತ್ತಿತ್ತು.

ಶಿಕಾರಿಪುರದ ಆಚೆ, ಅಂಜನಾಪುರದ ಕಾಲುವೆ ನೀರು ಹಾಯುವ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವೇಗ ಎಂದರೇನು ಎಂದು ಬೋರ್ಡಿನ ಮೇಲೆ ಬರೆದರೆ ಒಂಬತ್ತನೇ ಕ್ಲಾಸಿನ ಅರ್ಧ ಮಕ್ಕಳು ಕಣ್ಣು ತೆರೆದೇ ನಿದ್ದೆ ಹೊಡೆಯುತ್ತಿದ್ದರು. ಹಳೇ ವಿದ್ಯಾರ್ಥಿಗಳು ಶಾಲೆಗೆ ದೊಡ್ಡ ಟಿವಿ ಕೊಟ್ಟ ಮೇಲೆ ನಾನು ವರಸೆ ಬದಲಿಸಿದೆ. ನಿಮ್ಮೂರಲ್ಲಿ ಚಲಿಸುವ ಏನನ್ನಾದರೂ ಮನೆಯವರ ಮೊಬೈಲಿನಲ್ಲಿ ಹಿಡಿಯಿರಿ, ವೇಗ ಅಳೆಯಿರಿ, ನೀವೇ ಮಾತಾಡಿ ನನಗೆ ಕಳಿಸಿರಿ ಎಂದೆ. ಕುರಿ ಹಿಂಡು ಬಂತು, ಟಿಲ್ಲರು ಬಂತು, ಅಂಗಳ ದಾಟುವ ಒಬ್ಬಳ ಅಜ್ಜಿಯೂ ಬಂದರು. ಶನಿವಾರ ಟಿವಿ ಹಾಕುತ್ತೇನೆ ಎಂದರೆ ಶಾಲೆ ತಪ್ಪಿಸುವವರೂ ತಲೆ ಬಾಚಿಕೊಂಡು ಹಾಜರಾಗುತ್ತಿದ್ದರು. ನನ್ನ ಸೊರಬದ ಮಾತನ್ನು ಅಣಕಿಸುವುದೇ ಕೆಲಸ ಎಂದುಕೊಂಡಿದ್ದ ಹಿಂದಿನ ಬೆಂಚು ಕೂಡ ಲೆಕ್ಕ ಹಾಕತೊಡಗಿತು. ನಾನು ಒಳಗೊಳಗೇ ಬೀಗಿದ್ದೆ.

ಹೋದ ಶನಿವಾರ ತೋರಿಸಿದ್ದು ಒಬ್ಬ ಹುಡುಗಿಯ ವಿಡಿಯೊ. ಹೆಸರು ಕೂಗಿದರೆ ಸಾಕು, ಬೆವರುವ ಹುಡುಗಿ. ಮೊಬೈಲಿನ ಮುಂದೆ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು. ಮೊಬೈಲನ್ನು ಬದುವಿನ ಕಲ್ಲಿಗೆ ಒರಗಿಸಿಟ್ಟು, ಹಗ್ಗದಿಂದ ದೂರ ಅಳೆದು, ಕಾಲುವೆಗೆ ಮಾವಿನ ಎಲೆ ಬಿಟ್ಟು, ವೇಗವನ್ನು ಸರಿಯಾಗಿ ಹೇಳಿದಳು. ಎರಡು ಕಡೆ ಅಳೆಯಬೇಕೆಂದು ನಾನೇ ಹೇಳಿದ್ದೆ. ಸ್ವಲ್ಪ ಕೆಳಗೆ ಹೋಗಿ ಇನ್ನೊಂದು ಎಲೆ ಬಿಟ್ಟಳು. ಅದು ಬಿಟ್ಟಲ್ಲೇ ನಿಂತಿತು. ಇಲ್ಲಿ ಎಲೆ ಮುಂದೆ ಹೋಗುತ್ತಿಲ್ಲ, ಕಾರಣ ಗೊತ್ತಿಲ್ಲ ಎಂದು ಹೇಳಿ ಮುಗಿಸಿದಳು.

ಅವಳ ಬೆನ್ನ ಹಿಂದೆ ಒಬ್ಬರು ಬಗ್ಗಿಕೊಂಡು ಕಾಲುವೆಗೆ ಅಡ್ಡ ಕಲ್ಲು, ಮಣ್ಣಿನ ಚೀಲ ಇಟ್ಟು, ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಳ್ಳುತ್ತಿದ್ದರು. ನನ್ನ ಮೊಬೈಲಿನಲ್ಲಿ ಅದು ಉಗುರಿನಷ್ಟು ಚುಕ್ಕೆ. ಟಿವಿಯಲ್ಲಿ ಪೂರಾ ಮನುಷ್ಯ. ಅದು ಇವಳಪ್ಪ ಅಲ್ವೇನೋ ಎಂದು ಹಿಂದಿನಿಂದ ಯಾರೋ ಅಂದರು. ಹುಡುಗಿ ಟಿವಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಟಿವಿ ಆರಿಸುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಕಾಲುವೆಯ ಕೊನೆಯ ಗದ್ದೆಗಳಿಗೆ ಕೆಲವು ದಿನಗಳಿಂದ ಪಾಳಿಯ ನೀರು ಬಂದಿರಲಿಲ್ಲ. ಯಾರು ತಡೆದರೆಂದು ಊರಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ ಇತ್ತು.

ಸೋಮವಾರ ನಾನು ಶಾಲೆ ಮುಟ್ಟಿದಾಗ ಕೊನೆಯ ಗದ್ದೆಯವರು ಗೇಟಿನಲ್ಲಿ ನಿಂತಿದ್ದರು. ಅವರಲ್ಲಿ ಹಿರಿಯರೊಬ್ಬರು ವಿಡಿಯೊವನ್ನು ತಮ್ಮ ಮೊಬೈಲಿಗೆ ಹಾಕಿಕೊಡಿ, ನೀರಾವರಿ ಆಫೀಸಿಗೆ ತೋರಿಸುತ್ತೇವೆ ಎಂದರು. ಅದು ಮಗುವಿನ ಪಾಠ, ಕೊಡುವುದಿಲ್ಲ ಎಂದೆ. ನಮ್ಮ ಪೈರು ಒಣಗುತ್ತಿರುವುದು ಯಾವ ಪಾಠ ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೂ ವಿಡಿಯೊ ಕೊಡದೆ ನಾನು ಒಳಗೆ ನಡೆದೆ.

ಆಫೀಸಿನಲ್ಲಿ ಹುಡುಗಿಯ ಅಪ್ಪ ಕುರ್ಚಿ ಇದ್ದರೂ ನಿಂತೇ ಇದ್ದರು. ಪಕ್ಕದಲ್ಲಿ ಅವಳು, ಬ್ಯಾಗು ಹೆಗಲ ಮೇಲೆಯೇ ಇತ್ತು.

"ಟಿ.ಸಿ. ಕೊಡ್ರಿ ಮೇಡಂ," ಎಂದರು. "ಹೆತ್ತಪ್ಪನ್ನ ಹಿಡ್ಕೊಡೋ ವಿದ್ಯೆ ನಮಗ್ ಬ್ಯಾಡ."

ಹೆಡ್‌ಮಾಸ್ತರರು ಕೈ ತೊಳೆದುಕೊಳ್ಳುವ ಆತುರದಲ್ಲಿದ್ದರು, ಪೆನ್ನಿನ ಕ್ಯಾಪು ಆಗಲೇ ತೆಗೆದಿದ್ದರು. ನನಗೆ ಮೈ ಉರಿಯಿತು. ಟಿ.ಸಿ. ಕೈಗೆ ಬಂದರೆ ಅವಳು ಇನ್ನೊಂದು ಶಾಲೆಗೆ ಹೋಗುವವಳಲ್ಲ, ನೆಟ್ಟಗೆ ಗದ್ದೆಯ ಕಳೆ ಕೀಳಲು ಹೋಗುತ್ತಾಳೆ. ಇಂಥ ಹುಡುಗಿಯರನ್ನು ನಾನು ನೋಡಿದ್ದೇನೆ. ಆದರೆ ಅವಳ ಎದುರಿಗೆ ಅವಳಪ್ಪನ ಮೇಲೆ ರೇಗಿದರೆ ಅವಳಿಗೆ ಶಾಲೆಯ ಬಾಗಿಲನ್ನು ನಾನೇ ಮುಚ್ಚಿದಂತೆ. ಸಿಟ್ಟು ನುಂಗಿಕೊಂಡೆ.

ನೀವು ಆ ವಿಡಿಯೊ ನೋಡಿದ್ದೀರಾ ಎಂದು ಕೇಳಿದೆ. ಅವರು ನೋಡಿರಲಿಲ್ಲ. ಊರೆಲ್ಲ ಅದರ ಮಾತೇ ಆಗಿದ್ದರೂ, ಮನೆಯ ಮೊಬೈಲಿನಲ್ಲಿದ್ದುದನ್ನು ಅವರಿಗೆ ತೋರಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಮೊಬೈಲನ್ನೇ ಕೈಗೆ ಕೊಟ್ಟೆ. ಅಳಿಸಿಬಿಟ್ಟಾರು, ನೆಲಕ್ಕೆ ಎಸೆದಾರು ಎಂದು ಅವರ ಕೈಯನ್ನೇ ನೋಡುತ್ತಿದ್ದೆ.

ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮಗಳ ದನಿ ಆಫೀಸಿನಲ್ಲೆಲ್ಲ ಕೇಳಿಸಿತು. ಮುಗಿದ ಮೇಲೆ ಇನ್ನೊಮ್ಮೆ ಹಾಕಲು ಹೇಳಿದರು. ಈ ಸಲ ಅವರು ನೋಡುತ್ತಿದ್ದುದು ತಮ್ಮನ್ನಲ್ಲ. ಮನೆಯಲ್ಲಿ ಇಷ್ಟು ಉದ್ದ ಮಾತಾಡದ ಹುಡುಗಿಯನ್ನು ಬೆರಗಿನಿಂದ ನೋಡುತ್ತಿದ್ದರು.

"ಕಾರಣ ಗೊತ್ತಿಲ್ಲ ಅಂದೀಯಲ್ಲವ್ವ," ಎಂದರು. "ಖರೇನೇ ಗೊತ್ತಿರ್ಲಿಲ್ಲೇನು?"

ಅವಳು ನೆಲ ನೋಡುತ್ತಲೇ, "ಗೊತ್ತಿತ್ತು," ಎಂದಳು.

"ಮತ್ತೆ?"

"ನಮ್ಮಪ್ಪ ಅಂತ ಹೆಂಗ್ ಹೇಳ್ಲಿ?"

ಅವರು ಮೊಬೈಲನ್ನು ಮೇಜಿನ ಮೇಲಿಟ್ಟು, ಮುಖ ಒರೆಸಿಕೊಂಡು, ಗೇಟಿನ ಕಡೆ ನಡೆದರು. ಹೊಡೆದಾಟವೇ ಆಗುತ್ತದೆ ಎಂದು ನಾನು ಕಿಟಕಿಗೆ ಓಡಿದೆ. ಅವರು ಆ ಹಿರಿಯರ ಎದುರು ನಿಂತು, ಸಂಜೆ ಕಾಲುವೆ ಹತ್ತಿರ ಬನ್ನಿ, ಚೀಲಗಳು ನೀರು ಕುಡಿದು ಭಾರವಾಗಿವೆ, ಎತ್ತಿ ತೆಗೆಯಲು ಒಬ್ಬನ ಕೈಲಿ ಆಗುವುದಿಲ್ಲ ಎಂದರು. ಹಿರಿಯರು ಹೆಗಲ ಟವೆಲು ಕೊಡವಿ, ಬರುತ್ತೇವೆ ಎಂದರು.

ಹುಡುಗಿ ಇನ್ನೂ ಬ್ಯಾಗು ಹಾಕಿಕೊಂಡು ನಿಂತೇ ಇದ್ದಳು. ಮನೆಗೋ ಕ್ಲಾಸಿಗೋ ಅವಳಿಗೆ ತಿಳಿಯದು, ನನಗೂ ತಿಳಿಯದು. ಅಪ್ಪ ವಾಪಸು ಬಂದು ಬಾಗಿಲಲ್ಲೇ ನಿಂತರು.

"ಯಾಕ್ ನಿಂತಿ? ಕ್ಲಾಸಿಗ್ ಹೋಗು," ಎಂದರು. "ನಾಳೆ ಅಲ್ಲೇ ಇನ್ನೊಂದ್ ಎಲೆ ಬಿಟ್ಟು ನೋಡು."