ಓವರ್‌ಬರ್ಡನ್ ಅಂದರೇನು?

ಗೆಳೆಯರೇ, ಇವತ್ತು ಗಾಂಧಿನಗರದ ನಮ್ಮ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್‌ನಲ್ಲಿ ‘ಓವರ್‌ಬರ್ಡನ್’ ಪದಕ್ಕೆ ಜಗಳವೇ ಆಯಿತು. ಗಣಿ ಮತ್ತು ಪರಿಸರದ ಪಾಠದಲ್ಲಿ ಬಂದ ಪದ. ಸರ್ ‘ಅತಿಯಾದ ಹೊರೆ’ ಎಂದು ಬರೆಸಿದರು. ನನ್ನ ಪಕ್ಕದ ರೇಷ್ಮಾ ಎದ್ದು ನಿಂತಳು.

“ಅಲ್ಲರಿ ಸರ್. ಅದಿರು ಸಿಗೋತನಕ ಮ್ಯಾಲಿನ ಮಣ್ಣು ತೆಗೀತಾರಲ್ಲ, ಅದು. ನಮ್ಮಪ್ಪ ಗಣಿಯಾಗ ಹಿಟಾಚಿ ಓಡಿಸ್ತಾರ.”

ಸರ್ ನಂಬಲಿಲ್ಲ. ಅವಳು ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

“ಹೌದ್ರಿ ಸರ್, ಮಗಳು ಹೇಳಿದ್ದು ಖರೇ ಐತಿ,” ಎಂದರು ಅವರು.

ಸರ್ ಬೋರ್ಡ್ ಒರೆಸಿ ಅರ್ಥ ತಿದ್ದಿದರು. ಆಮೇಲೆ ಕುತೂಹಲ ತಡೆಯಲಾರದೆ ಫೋನಿನತ್ತ ಬಾಗಿ ಕೇಳಿದರು: “ಆ ಮಣ್ಣಿನ ಮ್ಯಾಲಿರೋ ಗಿಡ, ಹುಳ, ಹಕ್ಕಿಗೂಡಿಗೆ ಏನಂತೀರಿ?”

“ಅದಕ್ಕ ಬ್ಯಾರೆ ಹೆಸರಿಲ್ಲರಿ. ಮಣ್ಣಿನ ಜೋಡಿನ ಹೋಗತಾವ.”

ನಮ್ಮ ಪುಸ್ತಕದಲ್ಲಿ ಅವಕ್ಕೆ ಒಂದು ಪುಟದ ತುಂಬ ಪದಗಳಿವೆ. ನಾಳೆಗೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಹೋಗಬೇಕು.