ಗೋಲಿನ ಗೆರೆಯ ಮೇಲೆ ನಿಂತವರು

ಹಾಲು ಉಕ್ಕುವ ಮೊದಲೇ ಹೆದರಿ ಒಲೆ ಆರಿಸುವವನು ನಾನು. ಹರೆಯದಲ್ಲಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದಾಗಲೂ ಹಾಗೆಯೇ; ಚೆಂಡು ಅರ್ಧ ಮೈದಾನ ದಾಟಿದರೆ ಸಾಕು, ಗೋಲು ಬಿಟ್ಟು ಮುಂದಕ್ಕೆ ನುಗ್ಗುತ್ತಿದ್ದೆ. ನನ್ನ ಮುಂದೆ ಎದುರಾಳಿಗಳನ್ನು ತಡೆಯಲು ಬ್ಯಾಕ್ ಆಗಿ ನಿಲ್ಲುತ್ತಿದ್ದ ಹಿರಿಯರೊಬ್ಬರು ಕಲ್ಕತ್ತದಲ್ಲಿ ಹೆಸರು ಮಾಡಿ, ದೇಶದ ತಂಡದಲ್ಲಿ ಸಿಲೋನಿಗೂ ಹೋಗಿ ಆಡಿ, ವಯಸ್ಸಾದ ಮೇಲೆ ಮಂಗಳೂರಿಗೆ ಮರಳಿದವರು. ಉಟ್ಟು ಹಳತಾದ ಮುಂಡಿನಿಂದ ಹರಿದ ಪಟ್ಟಿಯನ್ನು ಕಣಕಾಲಿಗೆ ನಿಧಾನವಾಗಿ ಸುತ್ತಿಕೊಂಡು ಬರಿಗಾಲಲ್ಲೇ ಇಳಿಯುತ್ತಿದ್ದರು. ನಾನು ಹಿಂದಿನಿಂದ ಏನು ಕೂಗಿದರೂ ಒಂದೇ ಉತ್ತರ: "ಅವಸರ ಎಂತ ಉಂಟು ಮಾರಾಯ?"

ಒಮ್ಮೆ ಬಂದರಿಗೆ ಬಂದ ಹಡಗಿನ ಬಿಳಿಯರ ಜತೆ ಪಂದ್ಯ. ಅವರೆಲ್ಲರ ಕಾಲಲ್ಲಿ ಬೂಟು. "ಇವತ್ತು ನಿನ್ನ ತಪ್ಪಿನಿಂದ ಗೋಲು ಹೋದರೆ ನಾಳೆಯಿಂದ ಬರಬೇಡ," ಎಂದು ಕ್ಯಾಪ್ಟನ್ ನನಗೆ ಮೊದಲೇ ಹೇಳಿದ್ದ. ನಾವು ಒಂದು ಗೋಲು ಮುಂದಿದ್ದೆವು. ಕೊನೆಯ ನಿಮಿಷದಲ್ಲಿ ಅವರ ಫಾರ್ವರ್ಡ್ ಒಬ್ಬ ಚೆಂಡಿನೊಂದಿಗೆ ನುಗ್ಗಿ ಬಂದ. ನಮ್ಮ ಬ್ಯಾಕ್ ಅವನನ್ನು ತಡೆಯಲಿಲ್ಲ. ಬೆನ್ನು ತಿರುಗಿಸಿ ಗೋಲಿನತ್ತ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದೇ ಅಂದು. ನಾನು ಎಂದಿನಂತೆ ಮುಂದಕ್ಕೆ ಹಾರಿದೆ. ಚೆಂಡು ನನ್ನ ತಲೆಯ ಮೇಲಿಂದ ಹೋಯಿತು. ಮುಗಿಯಿತು ಅಂದುಕೊಂಡು ತಿರುಗಿದರೆ, ಇವರು ಗೆರೆಯ ಮೇಲೆ ನಿಂತು ಅದನ್ನು ಎದೆಯಲ್ಲಿ ತಡೆದು ಹೊರಗಟ್ಟುತ್ತಿದ್ದಾರೆ! ಪಂದ್ಯ ಗೆದ್ದೆವು.

"ಆ ಬಿಳಿಯನನ್ನು ಬಿಟ್ಟು ಹಿಂದೆ ಓಡಿದ್ದು ಯಾಕೆ ಮಾರಾಯರೇ?" ಕ್ಯಾಪ್ಟನ್ ಕೇಳಿದ.

ಅವರು ಕಾಲಿನ ಪಟ್ಟಿ ಬಿಚ್ಚುತ್ತಾ ಹೇಳಿದರು: "ಅವ ಎಂತ ಮಾಡ್ತಾನೆ ಅಂತ ಗೊತ್ತಿರಲಿಲ್ಲ. ನಮ್ಮವ ಎಂತ ಮಾಡ್ತಾನೆ ಅಂತ ಗೊತ್ತಿತ್ತು."

ಕ್ಯಾಪ್ಟನಿಗೂ ನಗು ಬಂತು. ನನ್ನ ಜಾಗ ಉಳಿಯಿತು.