ಅಪ್ಪನೇ ಕೊಡದ ಜಾಗ

ಹರಿಹರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಪ್ಪ ದಾವಣಗೆರೆಯ ವಿನೋಬನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಕೊಂಡ. ವರ್ಷ ತುಂಬುವುದರೊಳಗೆ ಫ್ಲ್ಯಾಟಿನವರ ಸಂಘಕ್ಕೆ ಅಧ್ಯಕ್ಷನೂ ಆದ. ಆ ತಲೆನೋವು ಬೇರೆ ಯಾರಿಗೂ ಬೇಕಿರಲಿಲ್ಲ. ಅಪ್ಪನಿಗೋ ಅದಿಲ್ಲದೆ ಊಟ ಸೇರುತ್ತಿರಲಿಲ್ಲ. ಬಾಗಿಲೊಳಗಿನದು ಮಾತ್ರ ನಮ್ಮದು, ಮೆಟ್ಟಿಲು, ಲಿಫ್ಟು, ತಾರಸಿ, ಕೆಳಗಿನ ಪಾರ್ಕಿಂಗ್ ಎಲ್ಲದರಲ್ಲೂ ಎಲ್ಲರಿಗೂ ಪಾಲಿದೆ ಎಂದು ಮೊಸರು ಮಾರುವವಳಿಗೂ ಪಾಠ ಮಾಡುತ್ತಿದ್ದ. ಲಿಫ್ಟು ಕೆಟ್ಟಾಗ ಮೊದಲನೇ ಮಹಡಿಯವರು, ನಾವು ಅದನ್ನು ಹತ್ತುವುದೇ ಇಲ್ಲ, ನಮಗೇಕೆ ಅದರ ಗೊಡವೆ ಎಂದು ರಿಪೇರಿಗೆ ಒಪ್ಪಲಿಲ್ಲ. ಅವರನ್ನು ಒಪ್ಪಿಸಲು ಓಡಾಡುತ್ತಿರುವಾಗಲೇ ಅಪ್ಪ ತೀರಿಕೊಂಡ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಏರಿಸಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತೇವೆ. ಬಂದವರು ಎದುರು ಕೂತು ಅಳುತ್ತಾರೆ. ಗುತ್ತೂರಿನಿಂದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಹೊರಟಿದ್ದಳು. ಮಂಡಿ ನೋವಿನ ಅವಳಿಗೆ ಮೆಟ್ಟಿಲು ಹತ್ತುವುದು ಆಗದ ಮಾತು. ತಮ್ಮನನ್ನು ಎತ್ತಿ ಆಡಿಸಿದವಳು ಕೊನೆಗೊಮ್ಮೆ ಅವನ ಮುಖ ಸವರಲಿ, ಅದಕ್ಕೆ ಅಪ್ಪನನ್ನು ಪಾರ್ಕಿಂಗಿನಲ್ಲಿ ಕೂಡ್ರಿಸೋಣ ಎಂದು ನಾನು ಹಟ ಹಿಡಿದೆ.

ಆದರೆ ಯಾರ ಮನೆ ಕಾರ್ಯಕ್ಕೂ ಪಾರ್ಕಿಂಗ್ ಕೊಡಕೂಡದೆಂದು ನಿಯಮ ಮಾಡಿಸಿದವನೇ ಅಪ್ಪ. ಯಾರದೋ ಮದುವೆಯ ಶಾಮಿಯಾನ ದಾರಿ ಕಟ್ಟಿ ದೊಡ್ಡ ಜಗಳವಾಗಿತ್ತು, ಅದರ ಮೇಲೆ ಮಾಡಿಸಿದ್ದು. ಹೋದ ವರ್ಷ ಎರಡನೇ ಮಹಡಿಯ ಅಜ್ಜಿ ತೀರಿಕೊಂಡಾಗ ಅವರ ಮಗ ಬಂದು ಆ ಜಾಗ ಕೇಳಿದ್ದ. ಅಪ್ಪ ಕಣ್ಣೊರೆಸಿಕೊಂಡೇ ಆಗುವುದಿಲ್ಲ ಎಂದಿದ್ದ. ಎಂಥ ಹಾಳು ನಿಯಮವೋ.

ಈಗ ಅದೇ ಮಗ ನಮ್ಮ ಬಾಗಿಲಿಗೆ ಬಂದ.

"ಅಮ್ಮಾರೆ, ಕೆಳಗೆ ಕೂಡ್ರಿಸ್ರಿ. ಕಾರೆಲ್ಲ ನಾನೇ ತೆಗೆಸ್ತೀನಿ. ಯಾರೂ ಬ್ಯಾಡ ಅನ್ನಲ್ಲ."

ಅವ್ವ ಅಪ್ಪನ ಪಕ್ಕದಿಂದ ಏಳಲಿಲ್ಲ. "ನಿಮ್ಮವ್ವಗೆ ಕೊಡದ ಜಾಗದಾಗೆ ಇವ್ರನ್ನ ಹೆಂಗೆ ಕೂಡ್ರಿಸ್ಲಪ್ಪ? ಇಲ್ಲೇ ಇರ್ಲಿ" ಎಂದಳು.

ಅವ್ವನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಸತ್ತವನ ಮಾತು ಉಳಿಸಲು ಹೋಗಿ ಬದುಕಿರುವವಳನ್ನು ಕೆಳಗೇ ನಿಲ್ಲಿಸುತ್ತೀಯಾ ಎಂದು ಕೂಗಾಡಿದೆ. ಅವಳು ಅಪ್ಪನ ಹಣೆಯ ವಿಭೂತಿ ಸರಿಮಾಡಿದಳು.

ಅತ್ತೆ ಆಟೋ ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಹಾರವಿತ್ತು, ಕಣ್ಣಲ್ಲಿ ನೀರಿರಲಿಲ್ಲ. ತಮ್ಮ ಎಲ್ಲಿದ್ದಾನೆ ಎಂದಷ್ಟೇ ಕೇಳಿದಳು. ನಾನು ಮೇಲಕ್ಕೆ ಕೈ ತೋರಿಸಿದೆ. ಎರಡನೇ ಮಹಡಿಯವನು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವಳನ್ನು ಕೂಡ್ರಿಸಿದ. ಅವನೊಂದು ಕಡೆ, ನಾನೊಂದು ಕಡೆ ಹಿಡಿದು ಹತ್ತತೊಡಗಿದೆವು.

ತನ್ನ ಮನೆ ಬಾಗಿಲು ಬಂದಾಗ ಅವನು ಕುರ್ಚಿ ಇಳಿಸಿದ. ಸುಸ್ತಾಗಿರಬೇಕು ಅಂದುಕೊಂಡೆ.

"ನಮ್ಮವ್ವನ್ನ ಹಿಂಗೇ ಕುರ್ಚಿಯಾಗೆ ಇಳಿಸಿದ್ವಿ" ಎಂದ. "ಅವತ್ತೂ ಲಿಫ್ಟು ಕೆಟ್ಟಿತ್ತು, ಅವಳ ತಂಗಿ ಮೆಟ್ಲು ಹತ್ತಲಾರ್ದೆ ಕೆಳಗೇ ಕಾಯ್ತಿದ್ಲು. ಗಾಡಿ ಹತ್ತಿಸುವಾಗ ಮುಖ ಕಂಡಿದ್ದಷ್ಟೆ."

ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಅವನ ಕೆನ್ನೆ ಸವರಿದಳು. ಗುತ್ತೂರಿನಿಂದ ತಡೆದುಕೊಂಡು ಬಂದಿದ್ದ ಅಳು ಅವನ ಮನೆ ಬಾಗಿಲಲ್ಲಿ ಒತ್ತರಿಸಿ ಬಂತು. ಅವನೂ ಅತ್ತ. ಮೇಲೆ ಅಪ್ಪ ಕೂತಿದ್ದ, ಹೊತ್ತಾಗುತ್ತಿತ್ತು. ಆದರೂ ನಾನು ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತೆ.